ನಿಮ್ಮೂರಿನ ಹಳೇ ಗೋರಿ, ಸಮಾಧಿ, ವೀರಗಲ್ಲುಗಳ ಮೇಲೆ ಏನು ಬರೆದಿದೆ?

ಕಾವೇರಿತೀರ:

ಶ್ರೀರಂಗಪಟ್ಟಣಕ್ಕೆ ಬರುವವರು ರಂಗನಾಥನ ದರ್ಶನ ಮಾಡುತ್ತಾರೆ. ದರಿಯಾ ದೌಲತ್, ಹೈದರ್-ಟಿಪ್ಪು ಸಮಾಧಿ ಇರುವ ಗುಂಬಜ್ ನೋಡುತ್ತಾರೆ. ಆಮೇಲೆ ಸೀದಾ ಮೈಸೂರು. ಬೆಂಗಳೂರು–ಮೈಸೂರು ರಸ್ತೆಯ ಹತ್ತಿರವೇ, ಕಾವೇರಿ ದಡದಲ್ಲಿ, ಗ್ಯಾರಿಸನ್ ಸಿಮೆಟ್ರಿ ಅಂತ ಒಂದು ಹಳೇ ಸ್ಮಶಾನ ಇದೆ. ಅಲ್ಲಿಗೆ ಹೋಗುವವರು ತೀರಾ ಕಡಿಮೆ. ಹೆಚ್ಚುಕಮ್ಮಿ 300 ಗೋರಿಗಳಿವೆ. 1799ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ಮೇಲೆ ಇಲ್ಲೇ ಉಳಿದ ಇಂಗ್ಲಿಷರ ಪಡೆಯವರು, ಅವರ ಹೆಂಡತಿಯರು, ಮಕ್ಕಳು ಅಲ್ಲಿ ಮಲಗಿದ್ದಾರೆ. ಯುದ್ಧ ಮುಗಿದರೂ ಜ್ವರ ಅವರನ್ನು ಬಿಡಲಿಲ್ಲ. ದ್ವೀಪದ ಹವೆ ಒಗ್ಗಲಿಲ್ಲ, ಸೊಳ್ಳೆ ಕಾಟ ಬೇರೆ. ಕೊನೆಗೆ 1809ರಲ್ಲಿ ಪಡೆಯನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರು ದಂಡು ಶುರುವಾಗಿದ್ದು ಹಾಗೆ.

ಅಲ್ಲಿನ ಕಲ್ಲುಗಳಲ್ಲಿ 'ದೆ ಮೆರಾನ್' ಅನ್ನುವ ಹೆಸರು ಕಾಣುತ್ತದೆ. ಅದು ಸ್ವಿಟ್ಜರ್ಲೆಂಡಿನ ಒಂದು ಬಾಡಿಗೆ ಪಡೆ. 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ್ದು. 1795ರಲ್ಲಿ ಸಿಲೋನಿನಲ್ಲಿದ್ದಾಗ ಇಂಗ್ಲಿಷರ ಕಡೆಗೆ ಬಂತು. ನಾಲ್ಕು ವರ್ಷ ಆದಮೇಲೆ ಟಿಪ್ಪುವಿನ ಕೋಟೆ ಮುಂದೆ ನಿಂತಿತ್ತು. ಹಿಮದ ಊರಿನಲ್ಲಿ ಹುಟ್ಟಿ, ಎರಡು ಕಂಪನಿಗಳ ಸಂಬಳ ತಿಂದು, ಮಂಡ್ಯದ ಮಣ್ಣಿಗೆ ಸೇರಿದವರು ಇವರು. ಸ್ಮಶಾನ ಬಹಳ ಕಾಲ ಪಾಳು ಬಿದ್ದಿತ್ತು. 2008ರ ಸುಮಾರಿಗೆ ದೆ ಮೆರಾನ್ ವಂಶದವರೇ ಹಣ ಹಾಕಿ ಸರಿಮಾಡಿಸಿದರು.

ಗುಂಬಜ್‌ನಿಂದ ಸಂಗಮದ ಕಡೆ ಸ್ವಲ್ಪ ನಡೆದರೆ ಕರ್ನಲ್ ಬೈಲಿಯ ಸ್ಮಾರಕ ಇದೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿಗೆ ಸೋತು ಸೆರೆ ಸಿಕ್ಕಿದವನು ಈತ. 1782ರಲ್ಲಿ ಇಲ್ಲೇ ಸೆರೆಯಲ್ಲಿ ಸತ್ತ. 1816ರಲ್ಲಿ ಸ್ಮಾರಕ ಕಟ್ಟಿಸಿದ್ದು ಅವನ ಅಣ್ಣ-ತಮ್ಮಂದಿರೊಬ್ಬರ ಮಗ, ಲಖನೌ ದರ್ಬಾರಿನಲ್ಲಿ ರೆಸಿಡೆಂಟ್, ಅಂದರೆ ಇಂಗ್ಲಿಷ್ ಕಂಪನಿಯ ಪ್ರತಿನಿಧಿ, ಆಗಿದ್ದವನು. ಗೆದ್ದವರ ಸಮಾಧಿ ಮತ್ತು ಸೋತವನ ಸಮಾಧಿ ಎರಡೂ ಒಂದೇ ತೋಟದ ಆಸುಪಾಸಿನಲ್ಲಿವೆ. ಎರಡನ್ನೂ ಒಂದೇ ದಿನ ನೋಡಿ. ಪುಸ್ತಕ ಓದಿದ್ದಕ್ಕಿಂತ ಜಾಸ್ತಿ ಅರ್ಥ ಆಗುತ್ತದೆ.

ನನಗೆ ಖಾತ್ರಿಯಾಗಿ ಅನಿಸುವುದು ಇಷ್ಟು. ಅಕ್ಕಪಕ್ಕದವರು ಓದಿ ಹೇಳಬಲ್ಲ ಕಲ್ಲು ಉಳಿಯುತ್ತದೆ. ಯಾರೂ ಓದದ ಕಲ್ಲು ಚರಂಡಿಗೆ ಚಪ್ಪಡಿ ಆಗುತ್ತದೆ. ಹಾಗಾಗಿ ನಿಮ್ಮೂರಿನ ಕಲ್ಲುಗಳ ಬಗ್ಗೆ ಬರೆಯಿರಿ. ಕ್ರೈಸ್ತರ ಸ್ಮಶಾನ, ಕಬರಸ್ತಾನ, ಗದ್ದುಗೆ, ವೀರಗಲ್ಲು, ಮಾಸ್ತಿಗಲ್ಲು ಯಾವುದಾದರೂ ಸರಿ. ಒಂದೇ ವಿನಂತಿ: ಈಚೆಗೆ ತೀರಿಕೊಂಡವರ ಗೋರಿಗಳ ಫೋಟೋ, ಹೆಸರು ಹಾಕಬೇಡಿ. ಅವರ ಮನೆಯವರು ಇನ್ನೂ ದುಃಖದಲ್ಲಿರುತ್ತಾರೆ.

ಬೇಗೂರುಕೆರೆ:

ಒಳ್ಳೆ ವಿಷಯ ಎತ್ತಿದಿರಿ ಸರ್. ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಕಲ್ಲಿನಿಂದಲೇ ಶುರು ಮಾಡುತ್ತೇನೆ. ಸುಮಾರು 890ರದ್ದು. ನಾಗತ್ತರನ ಮಗ ಬುಟ್ಟಣಸೆಟ್ಟಿ 'ಬೆಂಗುಳೂರ' ಕಾಳಗದಲ್ಲಿ ಸತ್ತ ಅಂತ ಅದರಲ್ಲಿದೆ. ಬೆಂಗಳೂರು ಅನ್ನುವ ಹೆಸರಿಗೆ ಸಿಕ್ಕಿರುವ ಬಲು ಹಳೆಯ ಲಿಖಿತ ಸಾಕ್ಷಿ ಇದು. ಅದೂ ಯಾವ ರಾಜನ ಬಿರುದಿನ ಸಾಲಿನಲ್ಲೂ ಅಲ್ಲ, ಒಬ್ಬನ ಸಾವಿನ ಕಲ್ಲಿನಲ್ಲಿ. ಬೆಂದ ಕಾಳು ಕೊಟ್ಟ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಬುಟ್ಟಣಸೆಟ್ಟಿ ಎಷ್ಟು ಜನಕ್ಕೆ ಗೊತ್ತು?

ಹೆಬ್ಬಾಳದ ಕಿತ್ತಯ್ಯನ ಕಲ್ಲು ಇನ್ನೂ ಹಳೆಯದು, ಸುಮಾರು 750ರದ್ದು. ಗಂಗರ ಶ್ರೀಪುರುಷನ ಕಾಲ. ರಟ್ಟವಾಡಿಯವರ ದಾಳಿ ಎದುರಿಸಿ ಸತ್ತವನು ಕಿತ್ತಯ್ಯ. 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಸಿಕ್ಕಿತು. ಕಲ್ಲಿನ ಬೆಲೆ ತಿಳಿದವರು ಆ ಹೊತ್ತಿಗೆ ಅಲ್ಲಿಗೆ ಹೋಗಿದ್ದರಿಂದ ಉಳಿಯಿತು. ನೀವು ಹೇಳಿದ ಚಪ್ಪಡಿಯ ಮಾತಿಗೆ ಇದಕ್ಕಿಂತ ಪುರಾವೆ ಬೇಕಾ?

ಹಳೇಪೇಟೆ:

ಒಂದು ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ಸ್ಮಶಾನಕ್ಕೆ ಸುಮ್ನೆ ನೋಡೋಕೆ ಅಂತ ಹೋಗುವುದು ಸರಿನಾ? ನಮ್ಮ ಮನೆಯಲ್ಲಿ ಹೆಣ ಹೊತ್ತು ಹೋದವರೂ ಹಿಂದಿರುಗಿ ನೋಡಬಾರದು, ಬಂದು ಸ್ನಾನ ಮಾಡದೆ ಒಳಗೆ ಬರಬಾರದು ಅಂತ ಪದ್ಧತಿ. ಹೆಂಗಸರಂತೂ ಹೋಗುವ ಹಾಗೇ ಇಲ್ಲ. ಹಾಗಿರುವಾಗ ಕ್ಯಾಮೆರಾ ಹಿಡಿದು ಹೋಗುವುದು ನನಗೆ ಯಾಕೋ ಸರಿ ಕಾಣುವುದಿಲ್ಲ.

ಕುಡ್ಲದಕ್ಕ:

ಹಳೇಪೇಟೆಯವರೇ, ನಿಮ್ಮ ಸಂಕೋಚ ನನಗೆ ಅರ್ಥ ಆಗುತ್ತದೆ. ನಮ್ಮ ಮಂಗಳೂರಿನ ಕಡೆ ಬೇರೆ ರೀತಿ ಉಂಟು. ನವೆಂಬರ್ 2 ಸಕಲ ಮೃತರ ದಿನ. ಕ್ಯಾಥೋಲಿಕರು ಮನೆಮಂದಿಯೆಲ್ಲ ಸಿಮೆಟ್ರಿಗೆ ಹೋಗುತ್ತಾರೆ. ಗೋರಿ ತೊಳೆಯುತ್ತಾರೆ, ಹೂವು ಇಡುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಹೆಂಗಸರು, ಚಿಕ್ಕ ಮಕ್ಕಳು ಎಲ್ಲರೂ ಇರುತ್ತಾರೆ. ನನ್ನ ಗೆಳತಿಯ ಮನೆಯವರ ಜೊತೆ ನಾನೂ ಹೋಗುತ್ತೇನೆ. ಅವಳ ಅಜ್ಜಿ ಒಂದೊಂದು ಗೋರಿ ಮುಂದೆ ನಿಂತು, ಇವರು ಯಾರು, ಯಾವ ಮನೆಯವರು ಅಂತ ಮಕ್ಕಳಿಗೆ ಹೇಳುತ್ತಾರೆ. ನನಗೆ ಕಲ್ಲು ಓದುವ ಆಸೆ ಹುಟ್ಟಿದ್ದೇ ಆ ಅಜ್ಜಿಯಿಂದ.

ಇನ್ನೊಂದು ಸಂಗತಿ. ಜಾಗ ಕಡಿಮೆ ಇರುವ ಚರ್ಚುಗಳಲ್ಲಿ ಕೆಲವು ವರ್ಷ ಆದ ಮೇಲೆ ಅದೇ ಗುಂಡಿಯಲ್ಲಿ ಬೇರೆಯವರನ್ನು ಮಣ್ಣು ಮಾಡುತ್ತಾರೆ. ಹಳೇ ಶಿಲುಬೆ, ಹಳೇ ಹಲಗೆ ತೆಗೆದುಹಾಕುತ್ತಾರೆ. ಅದು ತಪ್ಪು ಅಂತ ಹೇಳುತ್ತಿಲ್ಲ, ಬೇರೆ ದಾರಿ ಇಲ್ಲ. ಆದರೆ ಆ ಹಲಗೆಯ ಮೇಲಿದ್ದ ಹೆಸರು ಮತ್ತು ಎರಡು ಸಾಲು ಬರಹ ಆವತ್ತಿಗೇ ಮುಗಿಯಿತು. ಅದಕ್ಕೆ ಮುಂಚೆ ಯಾರಾದರೂ ಬರೆದಿಟ್ಟುಕೊಂಡರೆ ಒಳ್ಳೆಯದಲ್ವಾ?

ಕಾವೇರಿತೀರ:

ಹಳೇಪೇಟೆ ಸರ್, ಕೇಳಿದ್ದು ಸರಿಯೇ ಇದೆ. ಚಿತೆ ಉರಿಯುವ ಜಾಗಕ್ಕೆ, ಮಣ್ಣು ಇನ್ನೂ ಹಸಿಯಾಗಿರುವ ಕಡೆಗೆ ನಾನೂ ಹೋಗುವುದಿಲ್ಲ. ಕಾವಲುಗಾರ ಇದ್ದರೆ ಅವರನ್ನು, ಕಬರಸ್ತಾನವಾದರೆ ಮುತವಲ್ಲಿಯವರನ್ನು, ಚರ್ಚಿನದಾದರೆ ಫಾದರ್ ಅವರನ್ನು ಕೇಳಿಕೊಂಡೇ ಒಳಗೆ ಕಾಲಿಡಬೇಕು. ಯಾರಾದರೂ ಪ್ರಾರ್ಥನೆಗೆ ಬಂದಿದ್ದರೆ ದೂರ ಸರಿಯಬೇಕು. ಗೋರಿ ತುಳಿಯಬಾರದು, ಅದರ ಮೇಲೆ ಕೂರಬಾರದು. ಊರಾಚೆ ಹೊಲದ ಬದುವಿನಲ್ಲಿರುವ ವೀರಗಲ್ಲಿಗಾದರೆ ಇಷ್ಟು ಬೇಕಾಗಿಲ್ಲ. ಹೊಲದ ಯಜಮಾನರನ್ನು ಒಂದು ಮಾತು ಕೇಳಿದರೆ ಸಾಕು, ಅವರೇ ಬಂದು ತೋರಿಸುತ್ತಾರೆ.

ಮಲಪ್ರಭಾ:

ನಾನು ಧಾರವಾಡದವನು. ಸಿಟ್ಟು ತರಿಸುವ ಮಾತು ಹೇಳುತ್ತೇನೆ, ತಾಳಿಕೊಳ್ಳಿ. ಇಂಗ್ಲಿಷರ ಗೋರಿಗಳನ್ನು ನಾವ್ಯಾಕೆ ಕಾಯಬೇಕ್ರೀ? 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಸತ್ತ ಕಲೆಕ್ಟರ್ ಥ್ಯಾಕರೆಯ ಸ್ಮಾರಕ ನಮ್ಮ ಧಾರವಾಡದಲ್ಲಿದೆ, ಗಟ್ಟಿಮುಟ್ಟಾದ ಕಲ್ಲಿನ ಕೆಲಸ. ಅವನ ಮೇಲೆ ಗುಂಡು ಹಾರಿಸಿದ ಅಮಟೂರು ಬಾಳಪ್ಪನ ಕಲ್ಲು ಮೊದಲು ಹುಡುಕೋಣ. ನಮ್ಮವರಿಗೆ ಇಲ್ಲದ ಕಾಳಜಿ ಅವರಿಗ್ಯಾಕೆ?

ಬೇಗೂರುಕೆರೆ:

ಮಲಪ್ರಭಾ ಅವರ ಮಾತಿನ ಅರ್ಧ ನಾನು ಒಪ್ಪುತ್ತೇನೆ. ನಮ್ಮವರ ಕಲ್ಲು ಮೊದಲು. ಆದರೆ ಥ್ಯಾಕರೆಯ ಕಲ್ಲು ಅವನ ಪರವಾಗಿ ಮಾತ್ರ ಸಾಕ್ಷಿ ಹೇಳುತ್ತದೆ ಅಂದುಕೊಳ್ಳಬೇಡಿ. ಕಂಪನಿಯ ಕಲೆಕ್ಟರೇ ಕಿತ್ತೂರಿನ ಬಾಗಿಲಲ್ಲಿ ಸತ್ತ ಅಂತ ಕಂಪನಿಯವರೇ ಕಲ್ಲಿನಲ್ಲಿ ಒಪ್ಪಿಕೊಂಡ ಹಾಗಾಯಿತಲ್ಲ. ಚನ್ನಮ್ಮನ ಗೆಲುವಿಗೆ ಅವರ ಕೈಯಿಂದಲೇ ಬಂದ ರುಜು ಅದು. ಅದನ್ನು ಒಡೆದರೆ ನಷ್ಟ ಯಾರಿಗೆ?

ಮಲಪ್ರಭಾ:

ಈ ದಿಕ್ಕಿನಿಂದ ನೋಡಿದರೆ ಹೌದು. ಹಾಗಾದರೆ ನನ್ನ ಕಡೆಯಿಂದಲೂ ಒಂದು ದಾರಿ ಹೇಳುತ್ತೇನೆ. ಧಾರವಾಡದಲ್ಲಿ ಥ್ಯಾಕರೆ ಸ್ಮಾರಕ ನೋಡಿ ಕಿತ್ತೂರಿಗೆ ಹೋಗಿ. ಅಲ್ಲಿಂದ ಬೈಲಹೊಂಗಲ. 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಚನ್ನಮ್ಮನ ಸಮಾಧಿ ಅಲ್ಲಿದೆ. ಆಮೇಲೆ ಖಾನಾಪುರ ತಾಲ್ಲೂಕಿನ ನಂದಗಡ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರು. ಅವನ ಸಮಾಧಿಯ ಹತ್ತಿರದ ಆಲದ ಮರಕ್ಕೆ ಮಕ್ಕಳಾಗಲಿ ಅಂತ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟುತ್ತಾರೆ. ಗಲ್ಲಿಗೇರಿಸಿದವನ ಹತ್ತಿರ ಮಗು ಬೇಡುವ ಜನ ನಮ್ಮವರು. ರಾಯಣ್ಣನಂಥ ಮಗ ಹುಟ್ಟಲಿ ಅಂತ ಬೇಡುತ್ತಾರೆ. ಇದಕ್ಕಿಂತ ದೊಡ್ಡ ಬರಹ ಯಾವ ಕಲ್ಲಿನ ಮೇಲೂ ಇಲ್ಲ.

ಹಾವೇರಿ ಕಡೆ ಹೋದರೆ ಶಿಶುನಾಳಕ್ಕೂ ಹೋಗಿ ಬನ್ನಿ. ಷರೀಫರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ.

ಮಡಿಕೇರಿಮಳೆ:

ಕೊಡಗಿನಿಂದ ನಮಸ್ಕಾರ. ಮಡಿಕೇರಿಯ ಗದ್ದಿಗೆ ನೋಡಿದವರಿಗೆ ಮೊದಲು ಅನಿಸುವುದು, ಇದು ಯಾವುದೋ ನವಾಬನ ಗೋರಿ ಇರಬೇಕು ಅಂತ. ಗುಮ್ಮಟ, ಮೂಲೆಗಳಲ್ಲಿ ಗೋಪುರ, ಎಲ್ಲಾ ಹಾಗೇ ಇದೆ. ಸ್ವಲ್ಪ ಹತ್ತಿರ ಹೋದರೆ ನಂದಿ ಕಾಣುತ್ತದೆ. ಹಾಲೇರಿ ರಾಜರು ಲಿಂಗಾಯತರು. ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿ ಮಹಾದೇವಮ್ಮಾಜಿ ಒಂದು ಕಡೆ. ಪಕ್ಕದ್ದು ಲಿಂಗರಾಜೇಂದ್ರನದು, 1820ರಲ್ಲಿ ಮಗ ಚಿಕವೀರರಾಜೇಂದ್ರ ಕಟ್ಟಿಸಿದ್ದು. ಅದೇ ಆವರಣದಲ್ಲಿ ಸೇನಾನಿ ಬಿದ್ದಂಡ ಬೋಪು, ಅವನ ಮಗ ಸೋಮಯ್ಯ ಇವರ ಸಮಾಧಿಗಳೂ ಇವೆ. ಜನ ದೊಡ್ಡ ಗುಮ್ಮಟದ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಬಿದ್ದಂಡದವರ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಅದು ಬಹಳ ನೋವು.

ತಂದೆಗೆ ಗದ್ದಿಗೆ ಕಟ್ಟಿಸಿದ ಚಿಕವೀರರಾಜನಿಗೆ ಮಾತ್ರ ಆ ಆವರಣದಲ್ಲಿ ಜಾಗ ಸಿಗಲಿಲ್ಲ. 1834ರಲ್ಲಿ ರಾಜ್ಯ ಹೋಯಿತು, ಕಾಶಿಗೆ ಕಳಿಸಿದರು, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಥೇಮ್ಸ್‌ಕನ್ನಡತಿ:

ಮಡಿಕೇರಿಯವರ ಮಾತು ಮುಂದುವರಿಸುತ್ತೇನೆ. ಅವನ ಮಗಳು ಗೌರಮ್ಮನ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಕಾಶಿಯಲ್ಲಿ ಹುಟ್ಟಿದ ಹುಡುಗಿ. ಅಪ್ಪನ ಜೊತೆ ಇಲ್ಲಿಗೆ ಬಂದಳು. 1852ರಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಿಸುವಾಗ ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತಳು, ತನ್ನ ಹೆಸರನ್ನೇ ಕೊಟ್ಟಳು. ಆಮೇಲೆ ತನಗಿಂತ ಬಹಳ ದೊಡ್ಡವನಾದ ಕರ್ನಲ್ ಕ್ಯಾಂಪ್‌ಬೆಲ್ ಜೊತೆ ಮದುವೆ, ಒಬ್ಬಳು ಮಗಳು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ ತೀರಿಕೊಂಡಳು.

ಕಲ್ಲಿನ ಮೇಲಿನ ಮಾತು ರಾಣಿಯೇ ಬರೆದುಕೊಟ್ಟಿದ್ದು ಅಂತ ಹೇಳುತ್ತಾರೆ. ಕೊಡಗಿನ ರಾಜನ ಮಗಳು, ಇಂಡಿಯಾದಲ್ಲಿ ಹುಟ್ಟಿದವಳು, ರಾಣಿಯ ಆಸರೆಯಲ್ಲಿ ಬೆಳೆದವಳು ಅಂತೆಲ್ಲ ಇದೆ. ಕೊನೆಗೆ ಬೈಬಲ್ಲಿನ ಒಂದು ಮಾತು: ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ನನಗೆ ಇವೆ. ಬರೆದವರು ಪ್ರೀತಿಯಿಂದಲೇ ಬರೆದಿರಬಹುದು. ಆದರೆ ನನಗೆ ಅದನ್ನು ಓದುವಾಗ ಸಂಕಟ ಆಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ, ಸತ್ತ ಮೇಲೂ, ಅವಳು ಆ ಹಟ್ಟಿಗೆ ಸೇರದವಳೇ. ಲಂಡನ್ನಿಗೆ ಬರುವ ಕನ್ನಡಿಗರು ಒಮ್ಮೆ ಹೋಗಿ ಬನ್ನಿ. ವೆಸ್ಟ್ ಬ್ರಾಂಪ್ಟನ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ನಾನು ಹೋದಾಗಲೆಲ್ಲ ಹೂವು ಇಟ್ಟು ಬರುತ್ತೇನೆ.

ಮಡಿಕೇರಿಮಳೆ:

ನಿಮ್ಮ ಹೂವಿಗೆ ನಮ್ಮೂರಿನವರೆಲ್ಲರ ಪರವಾಗಿ ಕೈಮುಗಿಯುತ್ತೇನೆ ಅಕ್ಕ.

ಮದ್ದೂರ್‌ವಡೆ:

ಮನುಷ್ಯರದ್ದೇ ಆಯಿತು. ನಾಯಿಯ ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ! ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, 949ರದ್ದು. ಗಂಗರ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮಣಲೆರ ಅನ್ನುವವನು ಚೆನ್ನಾಗಿ ಹೋರಾಡಿದ. ಮೆಚ್ಚಿ, ಏನು ಬೇಕು ಕೇಳು ಅಂದರೆ ಅವನು ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿ ಕೇಳಿದ. ಆಮೇಲೆ ಆ ಕಾಳಿ ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಮಣಲೆರ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ಹಂದಿ-ನಾಯಿಯ ಕಾದಾಟದ ಚಿತ್ರ ಇದೆ. ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನೋಡಿಕೊಳ್ಳುವ ಗೊರವನಿಗೆ ಆ ನಾಯಿಯ ಪಾಪ ಅಂತ ಎಚ್ಚರಿಕೆಯೂ ಇದೆ. ಚೋಳರ ಮೇಲಿನ ಅಷ್ಟು ದೊಡ್ಡ ಯುದ್ಧದ ಸುದ್ದಿ ನಮಗೆ ತಿಳಿಸಿದ ಕಲ್ಲು ನಾಯಿಯದು! ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ನಮ್ಮ ಕಾಲದಲ್ಲೂ ಇದು ನಿಂತಿಲ್ಲ ನೋಡಿ. 2023ರ ಡಿಸೆಂಬರ್‌ನಲ್ಲಿ ಅಂಬಾರಿ ಆನೆ ಅರ್ಜುನ ಕಾಡಾನೆ ಜೊತೆ ಕಾದಾಡಿ ಸತ್ತಾಗ ಸಕಲೇಶಪುರದ ಕಾಡಿನಲ್ಲೇ ಮಣ್ಣು ಮಾಡಿದರು. ಜನ ಸ್ಮಾರಕ ಬೇಕು ಅಂತ ಪಟ್ಟು ಹಿಡಿದರು. ಸಾವಿರ ವರ್ಷದ ಹಿಂದಿನ ಮಣಲೆರನ ಮನಸ್ಸೇ ಅದು.

ಹಳೇಪೇಟೆ:

ಈಗ ನನಗೂ ಆಸಕ್ತಿ ಬಂತು. ನಮ್ಮೂರಿನ ಕೆರೆ ಏರಿ ಮೇಲೆ ಎರಡು ಕಲ್ಲು ಇವೆ. ಒಂದರ ಮೇಲೆ ಬಿಲ್ಲು ಹಿಡಿದವನು, ಮೇಲೆ ಸೂರ್ಯ ಚಂದ್ರ. ಇನ್ನೊಂದರಲ್ಲಿ ಒಂದು ಕೈ ಮಾತ್ರ ಮೇಲಕ್ಕೆ ಎತ್ತಿದೆ. ಅಕ್ಷರ ಇದ್ದ ಹಾಗಿದೆ, ಕಾಣುವುದಿಲ್ಲ. ಎಣ್ಣೆ ಅರಿಶಿನ ಮೆತ್ತಿದ್ದಾರೆ. ಓದುವುದು ಹೇಗೆ?

ಕಾವೇರಿತೀರ:

ಬಿಲ್ಲು ಹಿಡಿದವನದು ವೀರಗಲ್ಲು. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ಅಲ್ಲೇ ದನಗಳಿದ್ದರೆ ತುರು ಬಿಡಿಸಲು ಹೋಗಿ ಸತ್ತವನು. ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಶಿವಲಿಂಗದ ಮುಂದೆ ಕೂತಿರುವುದು. ಅಕ್ಷರ ಇದ್ದರೆ ಪಟ್ಟಿಗಳ ನಡುವಿನ ಅಂಚಿನಲ್ಲಿ ಹುಡುಕಿ. ಎತ್ತಿದ ಕೈಯಲ್ಲಿ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು ಇದೆಯಾ ನೋಡಿ. ಇದ್ದರೆ ಮಾಸ್ತಿಗಲ್ಲು, ಗಂಡನ ಜೊತೆ ಬೆಂಕಿಗೆ ಬಿದ್ದವಳದು. ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನ ದೇಕಬ್ಬೆಯ ಕಲ್ಲು, 1057ರದ್ದು, ಇಂಥದ್ದರಲ್ಲಿ ಬಹಳ ವಿವರವಾದದ್ದು. ಹೆತ್ತವರು ಬೇಡ ಬೇಡ ಅಂದರೂ ಕೇಳದೆ ಬೆಂಕಿಗೆ ಹೋದಳು ಅಂತ ಪದ್ಯದಲ್ಲಿ ಬರೆದಿದ್ದಾರೆ. ಬರೆದವನು ಹೊಗಳಿದ್ದಾನೆ. ಆದರೆ ತಡೆದವರೂ ಇದ್ದರು ಅನ್ನುವುದು ಆ ಕಲ್ಲಿನಿಂದಲೇ ಗೊತ್ತಾಗುತ್ತದೆ.

ಓದುವುದಕ್ಕೆ ಬೆಳಕೇ ಮದ್ದು. ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಇಲ್ಲವಾದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಬಿಡಿ, ಎದುರಿನಿಂದ ಬೇಡ. ಅಕ್ಷರದ ಗುಳಿಯಲ್ಲಿ ನೆರಳು ನಿಲ್ಲುತ್ತದೆ, ಸಾಲು ಎದ್ದು ಕಾಣುತ್ತದೆ. ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ನೀರು ಮತ್ತು ಮೆತ್ತನೆಯ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸಬೇಡಿ. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ ಯಾವುದೂ ಬೇಡ. ಸೀಮೆಸುಣ್ಣದಿಂದ ಅಕ್ಷರ ತಿದ್ದಲೂ ಬೇಡ. ನೀವು ತಪ್ಪು ತಿದ್ದಿದರೆ ಮುಂದಿನವರೂ ತಪ್ಪೇ ಓದುತ್ತಾರೆ. ಪೂಜೆ ನಡೆಯುವ ಕಲ್ಲಾದರೆ ಊರವರನ್ನು ಕೇಳದೆ ಎಣ್ಣೆ ತೆಗೆಯಬೇಡಿ.

ನಿಮ್ಮ ಕಲ್ಲನ್ನು ಈಗಾಗಲೇ ಯಾರೋ ಓದಿರಬಹುದು. ಬಿ.ಎಲ್. ರೈಸ್ ಅವರು 1886ರಿಂದ ಶುರು ಮಾಡಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಜಿಲ್ಲೆ, ತಾಲ್ಲೂಕು, ಊರಿನ ಪ್ರಕಾರ ಶಾಸನಗಳಿವೆ. ಮೊದಲು ಅಲ್ಲಿ ನಿಮ್ಮ ಊರಿನ ಹೆಸರು ಹುಡುಕಿ. ಬೆಂಗಳೂರಿನ ಸುತ್ತಮುತ್ತಲಾದರೆ ಮಿಥಿಕ್ ಸೊಸೈಟಿಯವರು ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಸಿಗುತ್ತದೆ.

ನೂರ್‌ಬಾಗ್:

ಪರ್ಷಿಯನ್ ಬರಹ ಇರುವ ಗೋರಿಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಎಷ್ಟೋ ಕಡೆ ಸತ್ತ ವರ್ಷವನ್ನು ಅಂಕಿಯಲ್ಲಿ ಬರೆಯುವ ಬದಲು ಮಾತಿನಲ್ಲಿ ಅಡಗಿಸುತ್ತಾರೆ. ಒಂದೊಂದು ಅಕ್ಷರಕ್ಕೂ ಒಂದು ಬೆಲೆ ಇದೆ. ಗುಂಬಜ್‌ನಲ್ಲಿರುವ ಹೈದರನ ವಿಷಯವನ್ನೇ ತೆಗೆದುಕೊಳ್ಳಿ. ಹೈದರ್ 222, ಅಲಿ 110, ಖಾನ್ 651, ಬಹಾದ್ದೂರ್ 212. ಕೂಡಿದರೆ 1195, ಹಿಜರಿ ವರ್ಷ, ಅಂದರೆ ಮುಸ್ಲಿಂ ಪಂಚಾಂಗದ್ದು. ಅವನ ಹೆಸರೇ ಅವನ ಸಾವಿನ ಕಾಲ ಹೇಳುತ್ತದೆ ಅಂತ ಕವಿಗಳು ಹಾಡಿದರು. ಉರ್ದು ಓದಲು ಬರುವ ಹಿರಿಯರು ಜೊತೆಗಿದ್ದರೆ ಇಂಥ ಗೋರಿ ನೋಡುವ ಸುಖವೇ ಬೇರೆ.

ಬೆಂಗಳೂರಿನವರು ಮೈಸೂರು ರಸ್ತೆಯ ಯಹೂದಿ ಸ್ಮಶಾನದ ಬಗ್ಗೆ ಕೇಳಿದ್ದೀರಾ? 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ. ಚಿಕ್ಕದು, ಹೀಬ್ರೂ ಅಕ್ಷರದ ಕಲ್ಲುಗಳಿವೆ. ಬಾಗಿಲು ಸದಾ ತೆರೆದಿರುವುದಿಲ್ಲ. ಮೊದಲೇ ಅನುಮತಿ ಕೇಳಿ.

ಕೋಲಾರಚಿನ್ನ:

ಕೆಜಿಎಫ್ ಮರೆಯಬೇಡಿ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯಿಂದ ಗಣಿ ಕೆಲಸಕ್ಕೆ ಬಂದವರ ಗೋರಿಗಳು ಇಲ್ಲಿವೆ. ಆದರೆ ಅದೇ ಗಣಿಯೊಳಗೆ ಬಂಡೆ ಸಿಡಿದು ಸತ್ತ ನಮ್ಮ ತಮಿಳು, ತೆಲುಗು, ಕನ್ನಡದ ಕೂಲಿಕಾರರಲ್ಲಿ ಬಹಳ ಜನಕ್ಕೆ ಕಲ್ಲೇ ಇಲ್ಲ. 2001ರಲ್ಲಿ ಗಣಿ ಮುಚ್ಚಿತು. ಹೆಸರು ಗೊತ್ತಿರುವ ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಕಲ್ಲು ಓದುವ ಆಸಕ್ತಿ ಇರುವವರು ದಯವಿಟ್ಟು ಇವರ ಮಾತನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಬಿಳಿಕೊಳ:

ಶ್ರವಣಬೆಳಗೊಳದವಳು ನಾನು. ಎಲ್ಲರೂ ದೊಡ್ಡಬೆಟ್ಟ ಹತ್ತಿ ಇಳಿದು ಹೋಗುತ್ತಾರೆ. ಎದುರಿನ ಚಿಕ್ಕಬೆಟ್ಟದ ಬಂಡೆಯ ಮೇಲೆ ಸಲ್ಲೇಖನದಿಂದ, ಅಂದರೆ ಜೈನರ ಉಪವಾಸ ವ್ರತದಿಂದ, ದೇಹ ಬಿಟ್ಟವರ ಬರಹಗಳು ಸಾಲಾಗಿವೆ. ಅದರಲ್ಲಿ ನಂದಿಸೇನ ಮುನಿಯದು ಸುಮಾರು 700ರದ್ದು. 'ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್' ಅಂತ ಶುರುವಾಗುತ್ತದೆ. ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ರೂಪ, ಹಣ, ವೈಭವ ಎಲ್ಲಾ ಬೇಗ ಕರಗುತ್ತವೆ, ಯಾರಿಗೂ ನಿಲ್ಲುವುದಿಲ್ಲ, ಈ ಭೂಮಿಯಲ್ಲಿ ನಾನು ಇರಲಾರೆ ಅಂದುಕೊಂಡು ಅವನು ಸನ್ಯಾಸ ಹಿಡಿದು ದೇವಲೋಕಕ್ಕೆ ಹೋದ ಅಂತ ಅದರ ಅರ್ಥ. ಪಂಪ ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲೇ ಯಾರೋ ಹೆಸರಿಲ್ಲದ ಕವಿ ಇದನ್ನು ಬರೆದ. ಕನ್ನಡದ ಚೆಂದದ ಪದ್ಯಗಳಲ್ಲಿ ಇದೂ ಒಂದು ಅಂತ ನಾನು ಯಾರ ಮುಂದೆ ಬೇಕಾದರೂ ವಾದ ಮಾಡುತ್ತೇನೆ.

ಅಲ್ಲಿನ ಬರಹಗಳಿಗೆ ಕೆಲವು ಕಡೆ ಗಾಜಿನ ಹೊದಿಕೆ ಹಾಕಿದ್ದಾರೆ. ಬೆಳಗ್ಗೆ ಬೇಗ ಹೋಗಿ, ಬಂಡೆ ಕಾದ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ.

ಹಳೇಪೇಟೆ:

ಇವತ್ತು ಸಂಜೆ ಕೆರೆ ಏರಿಗೆ ಹೋಗಿದ್ದೆ. ಕೈ ಎತ್ತಿದ ಕಲ್ಲಿನಲ್ಲಿ ಬಳೆಯೂ ಇದೆ, ನಿಂಬೆಹಣ್ಣೂ ಇದೆ. ಟಾರ್ಚ್ ಬಿಟ್ಟಾಗ ಬಿಲ್ಲಿನವನ ಕಲ್ಲಿನಲ್ಲಿ ಮೂರು ಸಾಲು ಅಕ್ಷರ ಎದ್ದು ಬಂತು. ಹಳಗನ್ನಡ ನನಗೆ ಬರುವುದಿಲ್ಲ. 'ಗಾವುಣ್ಡ' ಅನ್ನುವ ಪದ ಮಾತ್ರ ಗುರುತು ಸಿಕ್ಕಿತು. ದಿಕ್ಕಿಗೊಂದರಂತೆ ಫೋಟೋ ತೆಗೆದಿದ್ದೇನೆ. ಏರಿ ಅಗಲ ಮಾಡುವ ಕೆಲಸ ಮುಂದಿನ ತಿಂಗಳು ಶುರುವಾಗುತ್ತದಂತೆ. ಕಲ್ಲು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಏನು ಮಾಡಲಿ?

ಬೇಗೂರುಕೆರೆ:

ಮೊದಲು 'ಗಾವುಣ್ಡ' ಅಂದರೆ ಊರಗೌಡ. ನಿಮ್ಮೂರಿನ ಹಿಂದಿನ ಗೌಡ ಒಬ್ಬ ಅಲ್ಲಿದ್ದಾನೆ ಅಂತ ಇವತ್ತೇ ಊರವರಿಗೆ ಹೇಳಿ. ಕಲ್ಲಿಗೆ ಕೈ ಹಾಕುವ ಮೊದಲು ನಾಲ್ಕು ಜನ ಕೇಳುವಂತಾಗಬೇಕು. ನಿಧಿ ಇದೆ ಅನ್ನುವ ಮಾತು ಮಾತ್ರ ಹರಡದಂತೆ ನೋಡಿಕೊಳ್ಳಿ, ರಾತ್ರಿ ಬಂದು ಅಗೆಯುವವರಿದ್ದಾರೆ. ಪಂಚಾಯಿತಿಗೆ ಮತ್ತು ಪುರಾತತ್ವ ಇಲಾಖೆಗೆ ಫೋಟೋ, ಜಾಗದ ಗುರುತು ಸೇರಿಸಿ ಲಿಖಿತವಾಗಿ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಸಾಗಿಸಲೇಬೇಕಾದರೆ ಊರ ದೇವಸ್ಥಾನದ ಅಂಗಳಕ್ಕೆ ತಂದು ನಿಲ್ಲಿಸಲಿ, ಅಕ್ಷರ ಹೊರಗೆ ಕಾಣುವ ಹಾಗೆ. ಬುಡಕ್ಕೆ ಸಿಮೆಂಟ್ ಹಾಕುವಾಗ ಎದುರಿಗೆ ನಿಂತಿರಿ. ಕೆಳಗಿನ ಸಾಲು ಸಿಮೆಂಟಿನಲ್ಲಿ ಮುಚ್ಚಿಹೋದ ಕಲ್ಲುಗಳು ಬೇಕಾದಷ್ಟಿವೆ.

ಬಿಳಿಕೊಳ:

ಫೋಟೋ ಇಲ್ಲಿ ಹಾಕಿ. ಮೂರು ಸಾಲು ತಾನೆ, ಎಲ್ಲರೂ ಸೇರಿ ಓದೋಣ.